ಬೈಲು ತುಂಬಿಸಿದ ಮೇಲೆ ಬಾವಿಗೆ ನೀರು ಎಲ್ಲಿಂದ?

ಮೊದಲು ಬಂದದ್ದು ವಾಟ್ಸ್‌ಆ್ಯಪ್‌ನಲ್ಲಿ ಒಂದು ಬಣ್ಣದ ಚಿತ್ರ. ಹಸಿರು ಗೇಟು, ಎರಡೂ ಬದಿಯಲ್ಲಿ ಖರ್ಜೂರದ ಮರ, ನಡುವೆ ಕಾಂಕ್ರೀಟ್ ರಸ್ತೆ. ಕೆಳಗೆ ‘ಮಸೀದಿಗೆ ಐದು ನಿಮಿಷ, ಮದ್ರಸ ಪಕ್ಕದಲ್ಲೇ, ಐದು ಸೆಂಟ್ಸಿನ ಸೈಟುಗಳು, ಕಂತಿನ ಸೌಲಭ್ಯ ಉಂಟು’ ಎಂಬ ಬರಹ. ದುಬೈಯಲ್ಲಿರುವ ನಮ್ಮ ಹುಡುಗರು ಅದನ್ನು ಊರಿನ ಗ್ರೂಪಿಗೆ ಹಾಕಿ, “ಇದು ನಮ್ಮ ಊರಲ್ಲಿ ಎಲ್ಲಿ ಬರುದು?” ಎಂದು ಕೇಳಿದರು. ನಮಗೂ ಕೂಡಲೇ ಗೊತ್ತಾಗಲಿಲ್ಲ. ಚಿತ್ರದ ಹಿಂದೆ ಕಾಣುವ ಮಸೀದಿಯ ಮಿನಾರ ಹಿಡಿದು ದಿಕ್ಕು ನೋಡಿದಾಗ ತಿಳಿಯಿತು. ಆ ಗೇಟು ಬರುವುದು ನಮ್ಮ ಬೈಲಿನ ಕಟ್ಟಹುಣಿಯ ಮೇಲೆ.

ಅದಾಗಿ ಮೂರು ವಾರಕ್ಕೆ ಪತ್ರಿಕೆಯಲ್ಲಿ ಸಣ್ಣ ಅಕ್ಷರದ ಪ್ರಕಟಣೆ ಬಂತು. ಸರ್ವೆ ನಂಬ್ರಗಳ ಸಾಲು, ‘ಕೃಷಿ ವಲಯದಿಂದ ವಸತಿ ವಲಯಕ್ಕೆ ಭೂ ಉಪಯೋಗ ಬದಲಾವಣೆ’, ಒಟ್ಟು ಸುಮಾರು 12 ಎಕರೆ, ಆಕ್ಷೇಪಣೆ ಇದ್ದವರು 15 ದಿನದೊಳಗೆ ಲಿಖಿತವಾಗಿ ಸಲ್ಲಿಸಬೇಕು. ಬೈಲಿನ ಸುತ್ತ ಇರುವವರು ನಾವು ಅರುವತ್ತು ಚಿಲ್ಲರೆ ಮನೆಯವರು. ಅದರಲ್ಲಿ 41 ಮನೆಯವರು ಸಹಿ ಹಾಕಿ ಆಕ್ಷೇಪಣೆ ಕೊಟ್ಟಿದ್ದೇವೆ. ಬ್ಯಾರಿಗಳು, ಬಿಲ್ಲವರು, ಕ್ರೈಸ್ತರು ಎಲ್ಲರೂ ಅದರಲ್ಲಿ ಇದ್ದಾರೆ. ನೀರಿನ ವಿಷಯದಲ್ಲಿ ಜಾತಿ ಇಲ್ಲ, ಎಲ್ಲರ ಬಾವಿಯೂ ಒಂದೇ ಬೈಲಿನ ನೀರು ಕುಡಿಯುವುದು.

ಸಹಿ ಹಾಕಿದ ಮೊದಲ ಶುಕ್ರವಾರವೇ ಜುಮಾ ಮುಗಿಸಿ ಹೊರಗೆ ಬಂದಾಗ ಪ್ರಶ್ನೆ ಸುರುವಾಯಿತು. “ಲೇಔಟ್ ಮಾಡುವವರು ನಮ್ಮವರು, ತೆಗೆದುಕೊಳ್ಳುವವರೂ ನಮ್ಮವರು. ಅಡ್ಡ ಹಾಕುದು ಕೂಡಾ ನಮ್ಮವರೇನಾ?” ಎಂದು ಒಬ್ಬರು ಕೇಳಿದರು. “ಜಾಗ ಅವರದ್ದು, ದುಡ್ಡು ಅವರದ್ದು, ನಿಮಗೆಂತ ಕಷ್ಟ?” ಎಂದು ಇನ್ನೊಬ್ಬರು. ಸಹಿ ಹಾಕಿದ್ದ ಇಬ್ಬರು ಮರುವಾರ ಬಂದು ತಮ್ಮ ಹೆಸರು ತೆಗೆಯಿರಿ ಎಂದರು. ಒಬ್ಬರ ಮಗಳ ಮದುವೆಯ ಮಾತು ಆ ಕುಟುಂಬದೊಡನೆ ನಡೆಯುತ್ತಾ ಇತ್ತು. ಅವರ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಆ ಪ್ರಶ್ನೆಗಳಿಗೆ ಮಸೀದಿಯ ಮೆಟ್ಟಿಲ ಮೇಲೆ ನಿಂತು ಉತ್ತರ ಕೊಡಲಿಕ್ಕೆ ಆಗುವುದಿಲ್ಲ. ಇಂಥ ಬೈಲು, ಇಂಥ ಲೇಔಟ್, ಇಂಥ ಮಾತು ನಮ್ಮ ಊರಿಗೆ ಮಾತ್ರ ಬಂದದ್ದೂ ಅಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ.

ಒಂದು ಮಾತು ಮೊದಲೇ ಒಪ್ಪಿಕೊಳ್ಳುತ್ತೇವೆ. ಸಹಿ ಹಾಕಿದ ನಮ್ಮಲ್ಲಿ ನಾಲ್ಕು ಮನೆಗಳು ನಿಂತಿರುವುದು ಮಜಲು ಗದ್ದೆಗೆ ಮಣ್ಣು ಹಾಕಿಯೇ. ಗಲ್ಫಿನಿಂದ ದುಡ್ಡು ಬಂತು, ರಸ್ತೆ ಬದಿಗೆ ಮನೆ ಬೇಕೆನಿಸಿತು, ತುಂಬಿಸಿದೆವು. ಆ ವರ್ಷದಿಂದ ಕೆಳಗಿನ ಮನೆಯ ಅಂಗಳಕ್ಕೆ ಪ್ರತಿ ಮಳೆಗಾಲದಲ್ಲಿ ನೀರು ನುಗ್ಗುತ್ತದೆ. ಆ ಮನೆಯ ಅಜ್ಜಿ ನಮ್ಮನ್ನು ಇಂದಿಗೂ ಬೈದಿಲ್ಲ, ಜೂನ್ ಬಂದ ಕೂಡಲೇ ಅಕ್ಕಿಯ ಮುಡಿ ಅಟ್ಟಕ್ಕೆ ಏರಿಸುತ್ತಾರೆ, ಅಷ್ಟೆ. ಕೆಲವು ಸೆಂಟ್ಸ್ ತುಂಬಿಸಿದ್ದಕ್ಕೆ ಹೀಗಾದರೆ 12 ಎಕರೆ ತುಂಬಿಸಿದರೆ ಏನಾದೀತು ಎಂದು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಬೈಲು ಎಂದರೆ ಖಾಲಿ ಜಾಗ ಅಲ್ಲ

ನಮ್ಮ ಹಿರಿಯರು ಗದ್ದೆಗೆ ಮೂರು ಹೆಸರು ಇಟ್ಟದ್ದು ಸುಮ್ಮನೆ ಅಲ್ಲ. ಎತ್ತರದಲ್ಲಿ, ಮಳೆಯನ್ನೇ ನಂಬಿ ಒಂದು ಬೆಳೆ ತೆಗೆಯುವುದು ಬೆಟ್ಟು. ನಡುವಿನದ್ದು ಮಜಲು, ಎರಡು ಬೆಳೆ. ಎಲ್ಲಕ್ಕಿಂತ ಕೆಳಗೆ, ತೋಡಿನ ಎರಡು ಬದಿಗೆ ಹರಡಿರುವುದು ಬೈಲು. ಏಣಿಲು, ಸುಗ್ಗಿ ಮುಗಿದ ಮೇಲೂ ಅಲ್ಲಿ ಮೂರನೇ ಬೆಳೆ ಕೊಳಕೆ ತೆಗೆಯುವಷ್ಟು ನೀರು ಉಳಿಯುತ್ತಿತ್ತು. ಮನೆ ಕಟ್ಟುವಾಗ ಅವರು ಬೆಟ್ಟಿನ ಅಂಚಿಗೆ, ಗುಡ್ಡದ ಬುಡ ಬಿಟ್ಟು, ಬೈಲಿಗಿಂತ ಮೇಲೆ ಕಟ್ಟಿದರು. ಹಳೆಯ ಮನೆಗಳನ್ನು ನೋಡಿದರೆ ಸಾಕು, ಒಂದೂ ಬೈಲಿನ ಒಳಗೆ ಇಲ್ಲ. ಆ ಕಾಲದಲ್ಲಿ ನಕ್ಷೆ ಇರಲಿಲ್ಲ, ಇಂಜಿನಿಯರ್ ಇರಲಿಲ್ಲ, ನೀರು ಎಲ್ಲಿ ಕೂರುತ್ತದೆ ಎಂಬ ತಿಳಿವಳಿಕೆ ಇತ್ತು.

ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಆದರೂ ಏಪ್ರಿಲ್ ಬಂದರೆ ಟ್ಯಾಂಕರಿಗೆ ಫೋನ್ ಮಾಡುವ ಊರುಗಳು ಹೆಚ್ಚುತ್ತಾ ಇವೆ. ಬಿದ್ದ ನೀರು ನಿಲ್ಲಲಿಕ್ಕೆ ಜಾಗ ಇಲ್ಲದೆ ಸಮುದ್ರಕ್ಕೆ ಓಡುವುದೇ ಇದಕ್ಕೆ ದೊಡ್ಡ ಕಾರಣ. ಮುರಕಲ್ಲಿನ ಗುಡ್ಡ ಮಳೆಯನ್ನು ಹೀರಿ ನಿಧಾನಕ್ಕೆ ಕೆಳಗೆ ಬಿಡುತ್ತದೆ. ಬೈಲು ಅದನ್ನು ಹಿಡಿದು ನಿಲ್ಲಿಸುತ್ತದೆ. ಹುಣಿ ಕಟ್ಟಿದ ಗದ್ದೆಯಲ್ಲಿ ತಿಂಗಳುಗಟ್ಟಲೆ ನಿಂತ ನೀರು ಸುತ್ತಲಿನ ಬಾವಿಗಳಿಗೆ ಇಳಿಯುತ್ತದೆ.

ಲೆಕ್ಕ ಹಾಕಿ ನೋಡಿ. ಒಂದು ಎಕರೆ ಗದ್ದೆಯಲ್ಲಿ ಒಂದು ಗೇಣಿಗಿಂತ ಕಡಿಮೆ, ಅಂದರೆ 15 ಸೆಂಟಿಮೀಟರ್ ನೀರು ನಿಂತರೆ ಅದು ಆರು ಲಕ್ಷ ಲೀಟರ್. 12 ಎಕರೆಗೆ 72 ಲಕ್ಷ ಲೀಟರಿಗೂ ಹೆಚ್ಚು. 6,000 ಲೀಟರಿನ ಟ್ಯಾಂಕರಿನಲ್ಲಿ ತುಂಬಿಸಿದರೆ 1,200 ಟ್ಯಾಂಕರ್. ಇದು ಒಂದು ಸಲ ಗದ್ದೆ ತುಂಬಿದಾಗಿನ ಲೆಕ್ಕ. ಮಳೆಗಾಲದಲ್ಲಿ ಗದ್ದೆ ಎಷ್ಟು ಸಲ ತುಂಬುತ್ತದೆ, ಎಷ್ಟು ಸಲ ಇಳಿಯುತ್ತದೆ ಎಂದು ಬೇಸಾಯ ಮಾಡಿದವರಿಗೆ ಗೊತ್ತು. ಬೈಲಿಗೆ ಮಣ್ಣು ಬಿದ್ದ ದಿನ ಈ ನೀರಿಗೆ ಎರಡೇ ದಾರಿ. ಮಳೆಗಾಲದಲ್ಲಿ ಪಕ್ಕದ ಮನೆಯ ಒಳಗೆ, ಉಳಿದದ್ದು ಸಮುದ್ರಕ್ಕೆ.

ಬೈಲ ಬದಿಯ ನಮ್ಮ ಬಾವಿಗಳು ಆರೇಳು ಕೋಲಿನವು. ಮೇ ತಿಂಗಳಲ್ಲೂ ಕೊಡಪಾನ ಇಳಿಸಿದರೆ ನೀರು ಸಿಗುತ್ತದೆ. ಗುಡ್ಡದ ಮೇಲೆ ಇಪ್ಪತ್ತು ಕೋಲು ತೋಡಿದ ಬಾವಿ ಮಾರ್ಚಿನಲ್ಲೇ ತಳ ತೋರಿಸುತ್ತದೆ. ಬೋರ್‌ವೆಲ್ಲಿಗೆ ಲಕ್ಷಗಟ್ಟಲೆ ಸುರಿದು ಕಲ್ಲಿನ ಪುಡಿ ಮಾತ್ರ ಸಿಕ್ಕಿದ ಮನೆಗಳೂ ನಮ್ಮ ಜಮಾಅತಿನಲ್ಲೇ ಇವೆ. ಬಾವಿ ತೋಡಿಸಿ ಊರಿಗೆ ನೀರು ಕೊಡುವುದು ದೊಡ್ಡ ಪುಣ್ಯ ಎಂದು ನಂಬಿದವರು ನಾವು. ತೀರಿಕೊಂಡ ಉಪ್ಪನ ಹೆಸರಿನಲ್ಲಿ ಬಾವಿ ತೋಡಿಸುತ್ತೇವೆ, ಮಸೀದಿಗೆ ನೀರಿನ ಟಾಂಕಿ ಕೊಡುತ್ತೇವೆ. ಆ ಬಾವಿಗೆ ನೀರು ಬರುವ ದಾರಿ ಮುಚ್ಚುವಾಗ ಮಾತ್ರ ‘ಜಾಗ ಅವರದ್ದು’ ಎನ್ನುವುದು ಸರಿಯಾ?

ಮತ್ತೂ ಒಂದು ವಿಷಯ ಉಂಟು. ಇದನ್ನು ಹೇಳಲಿಕ್ಕೆ ನಾಚಿಕೆಪಡಬಾರದು. ಚಿತ್ರದಲ್ಲಿ ತೋರಿಸಿದ ಹಾಗೆ 120 ಸೈಟು ಬಂದರೆ 120 ಶೌಚ ಗುಂಡಿ ಬರುತ್ತದೆ. ನಮ್ಮ ಊರಿಗೆ ಒಳಚರಂಡಿ ಇಲ್ಲ. ಬೈಲಿನಲ್ಲಿ ಮಳೆಗಾಲದಲ್ಲಿ ಎರಡು ಅಡಿ ಅಗೆದರೆ ನೀರು ಬರುತ್ತದೆ. ಅಂಥ ಜಾಗದಲ್ಲಿ ಗುಂಡಿ ಮಾಡಿದರೆ ಅದು ಇಂಗುವುದೆಲ್ಲಿ? ನಮ್ಮ ಬಾವಿಗೇ. ನೀರು ಸೇದುವುದು, ಕುದಿಸುವುದು, ಮಕ್ಕಳಿಗೆ ಹೊಟ್ಟೆನೋವು ಬಂದಾಗ ರಾತ್ರಿ ಎದ್ದು ಕೂರುವುದು ಮನೆಯ ಹೆಂಗಸರು. ಆಕ್ಷೇಪಣೆ ಪತ್ರಕ್ಕೆ ಮೊದಲು ಸಹಿ ಹಾಕಿದ್ದೂ ಅವರೇ.

ಮಣ್ಣು ಬರುವುದು ಗುಡ್ಡದಿಂದ

ಬೈಲು ರಸ್ತೆಯ ಮಟ್ಟಕ್ಕೆ ಬರಬೇಕಾದರೆ ಐದು ಅಡಿ ಮಣ್ಣು ಬೇಕು. 12 ಎಕರೆಗೆ ಐದು ಅಡಿ ಎಂದರೆ 72,000 ಘನಮೀಟರಿಗೂ ಹೆಚ್ಚು. ಒಂದು ಟಿಪ್ಪರಿಗೆ ಎಂಟು ಘನಮೀಟರ್ ಎಂದು ಹಿಡಿದರೂ 9,000 ಲೋಡ್ ಆಗುತ್ತದೆ. ಇಷ್ಟು ಮಣ್ಣು ಆಕಾಶದಿಂದ ಬೀಳುವುದಿಲ್ಲ. ಎಲ್ಲೋ ಒಂದು ಗುಡ್ಡ ಕಡಿಯಬೇಕು. ಕಡಿದ ಗುಡ್ಡದ ಜಾಗ ಸಮತಟ್ಟಾದ ಮೇಲೆ ಅಲ್ಲಿ ಇನ್ನೊಂದು ಲೇಔಟ್. ಹಾಗಾಗಿ ಒಂದು ಬೈಲು ತುಂಬಿತು ಎಂದರೆ ಒಂದು ಗುಡ್ಡವೂ ಹೋಯಿತು ಎಂದೇ ಲೆಕ್ಕ. ಬೈಲಿನ ಮಾತಾಡುವಾಗ ಗುಡ್ಡದ ಮಾತನ್ನು ನಾವು ಮರೆಯುತ್ತೇವೆ. ಎರಡೂ ಒಂದೇ ಟಿಪ್ಪರಿನ ಎರಡು ಕೊನೆ.

ಗುಡ್ಡ ಕಡಿದರೆ ಏನಾಗುತ್ತದೆ ಎಂದು ಪುಸ್ತಕ ಓದಿ ತಿಳಿಯಬೇಕಾಗಿಲ್ಲ. 2020ರ ಜುಲೈ 5ರಂದು ಗುರುಪುರದ ಬಂಗ್ಲೆಗುಡ್ಡೆಯಲ್ಲಿ ಗುಡ್ಡ ಜರಿದು ಇಬ್ಬರು ಎಳೆಯ ಮಕ್ಕಳು ಮಣ್ಣಿನಡಿ ತೀರಿಹೋದರು. 2024ರ ಜೂನ್ 26ರಂದು ಕುತ್ತಾರಿನ ಮದನಿನಗರದಲ್ಲಿ ಮೇಲಿನ ಮನೆಯ ಆವರಣ ಗೋಡೆ ಕುಸಿದು ಕೆಳಗಿನ ಮನೆಯ ಒಂದೇ ಕುಟುಂಬದ ನಾಲ್ವರು ನಿದ್ದೆಯಿಂದ ಏಳಲಿಲ್ಲ. ಈ ಎರಡೂ ಮಯ್ಯಿತ್ತುಗಳಿಗೆ ನಮ್ಮ ಊರಿನಿಂದಲೂ ಜನ ಹೋಗಿದ್ದರು. ಅಲ್ಲಿ ಯಾರ ತಪ್ಪು ಎಂದು ನಾವು ಹೇಳುತ್ತಿಲ್ಲ. ಗುಡ್ಡದ ಇಳಿಜಾರಿನಲ್ಲಿ ಒಂದರ ಮೇಲೆ ಒಂದರಂತೆ ಮನೆ ಕಟ್ಟಿ, ನಡುವೆ ನೇರ ಗೋಡೆ ನಿಲ್ಲಿಸಿ ಬದುಕುತ್ತಿರುವ ಸಾವಿರಾರು ಮನೆಗಳು ನಮ್ಮವೇ. ಜೋರು ಮಳೆಯ ರಾತ್ರಿ ಅಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ. ಎರಡು ದಿನ ಮಾತಾಡಿ, ಪರಿಹಾರದ ಚೆಕ್ಕಿನ ಫೋಟೋ ನೋಡಿ, ಮತ್ತೆ ಅದೇ ಟಿಪ್ಪರಿಗೆ ದಾರಿ ಬಿಡುವುದು ಎಷ್ಟು ಸಲ?

ಪೇಟೆಯವರಿಗೂ ಇದು ಹೊಸತಲ್ಲ. 2018ರ ಮೇ 29ರಂದು ಮಂಗಳೂರಿನಲ್ಲಿ ಒಂದೇ ದಿನದ ಮಳೆಗೆ ರಸ್ತೆಗಳು ಹೊಳೆಯಾದವು, ತಗ್ಗಿನ ಮನೆ ಅಂಗಡಿಗಳಿಗೆಲ್ಲ ನೀರು ನುಗ್ಗಿತು. ಕೊಡಿಯಾಲಬೈಲು, ಬೈಲಿನ ಹೆಸರೇ ಉಳಿಸಿಕೊಂಡ ಜಾಗ, ಅದೂ ಮುಳುಗಿತು. ಹೆಸರು ಬದಲಾಗದಿದ್ದರೂ ಜಾಗ ಬದಲಾಗಿತ್ತು. ನೀರಿಗೆ ಮಾತ್ರ ತನ್ನ ಹಳೆಯ ಮನೆ ನೆನಪಿತ್ತು.

ಕಾಗದದಲ್ಲಿ ರಕ್ಷಣೆ ಉಂಟು

‘ಕಾನೂನು ಪ್ರಕಾರವೇ ಮಾಡುದಲ್ವಾ’ ಎನ್ನುವವರಿದ್ದಾರೆ. ಕಾನೂನು ಏನು ಹೇಳುತ್ತದೆ ಎಂದು ಒಮ್ಮೆ ನೋಡುವಾ. ನಮ್ಮ ಬೈಲು ಮಹಾಯೋಜನೆಯ ನಕ್ಷೆಯಲ್ಲಿ ಕೃಷಿ ವಲಯ. ಹಸಿರು ಬಣ್ಣ. ಅಲ್ಲಿ ಬೇಸಾಯ ಮತ್ತು ಅದಕ್ಕೆ ಹೊಂದಿದ ಕೆಲವೇ ಉಪಯೋಗಗಳಿಗೆ ಅವಕಾಶ, ವಸತಿ ಬಡಾವಣೆಗೆ ಇಲ್ಲ. ಅದನ್ನು ಬದಲಾಯಿಸಬೇಕಾದರೆ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ದಾರಿಯಲ್ಲೇ ಹೋಗಬೇಕು, ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. ಕೃಷಿ ಭೂಮಿಯನ್ನು ಬೇರೆ ಕೆಲಸಕ್ಕೆ ಬಳಸಬೇಕಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಜಿಲ್ಲಾಧಿಕಾರಿಯ ಅನುಮತಿ ಬೇಕು. ನಾವು ಸಾಮಾನ್ಯವಾಗಿ ‘ಕನ್ವರ್ಷನ್’ ಎನ್ನುವುದು ಇದನ್ನೇ. ಆ ಹಸಿರು ಬಣ್ಣ ಅಳಿಸಲಿಕ್ಕೆ ಇನ್ನೂ ಅನುಮತಿ ಸಿಕ್ಕಿಲ್ಲ. ಅಷ್ಟರಲ್ಲೇ ಸೈಟಿನ ಜಾಹೀರಾತು ದುಬೈ ಮುಟ್ಟಿದೆ.

ಸೈಟಿಗೆ ಮುಂಗಡ ಕೊಡಲು ಹೊರಟವರು ಇದನ್ನು ಗಮನಿಸಬೇಕು. 2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ರೇರಾ ಪ್ರಕಾರ, ಯೋಜನಾ ಪ್ರದೇಶದಲ್ಲಿ 500 ಚದರ ಮೀಟರಿಗಿಂತ ದೊಡ್ಡ ಲೇಔಟನ್ನು ನೋಂದಣಿ ಮಾಡದೆ ಮಾರುವಂತಿಲ್ಲ, ಮುಂಗಡ ತೆಗೆದುಕೊಳ್ಳುವಂತಿಲ್ಲ, ಜಾಹೀರಾತು ಕೂಡಾ ಕೊಡುವಂತಿಲ್ಲ. ನೋಂದಣಿ ನಂಬ್ರ ಇಲ್ಲದ ಬಣ್ಣದ ಚಿತ್ರ ಬಂದರೆ, ಅದರಲ್ಲಿ ಮಸೀದಿ ಎಷ್ಟು ಹತ್ತಿರ ಇದ್ದರೂ, ದುಡ್ಡು ಕಳಿಸಬೇಡಿ. ಮರುಭೂಮಿಯ ಬಿಸಿಲಲ್ಲಿ ದುಡಿದ ಹಣ ನೀರು ನಿಲ್ಲುವ ಗದ್ದೆಯಲ್ಲಿ ಹೂತುಹೋದ ಕತೆಗಳು ನಮ್ಮ ಸಮುದಾಯದಲ್ಲಿ ಸಾಕಷ್ಟಿವೆ.

ಕಾನೂನಿನಲ್ಲಿ ಓರೆಕೋರೆ ಇಲ್ಲವೆಂದಲ್ಲ. ದೊಡ್ಡ ಜಾಗವನ್ನು ತುಂಡು ತುಂಡು ಮಾಡಿ ಒಬ್ಬೊಬ್ಬರ ಹೆಸರಿನಲ್ಲಿ ಕನ್ವರ್ಷನ್ ಮಾಡಿಸುವುದು, ರಸ್ತೆ ಚರಂಡಿ ಇಲ್ಲದೆಯೇ ಲೇಔಟ್ ಆಗಿಬಿಡುವುದು ನಮ್ಮ ಕಡೆ ಯಾರಿಗೂ ಹೊಸತಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು 79ಎ, 79ಬಿ ಕಲಂಗಳನ್ನು ತೆಗೆದುಹಾಕಿದ ಮೇಲೆ ಕೃಷಿ ಮಾಡದವರೂ ಕೃಷಿ ಭೂಮಿ ಕೊಳ್ಳಬಹುದು. ಬೇಸಾಯ ಮಾಡುವ ಮನಸ್ಸೇ ಇಲ್ಲದವರಿಗೂ ಬೈಲಿನ ಬಾಗಿಲು ತೆರೆಯಿತು.

ಇಲ್ಲಿ ಒಂದು ಸಂಗತಿ ನೆನಪಿಸಬೇಕು. ಈ ಬೈಲಿನ ಹೆಚ್ಚಿನ ಗದ್ದೆಗಳು ‘ಡಿಕ್ಲರೇಷನ್’ ಜಾಗ. ನಮ್ಮ ಅಜ್ಜಂದಿರು ಗೇಣಿ ಒಕ್ಕಲು. ಮಳೆಯಲ್ಲಿ ನೆನೆದು ದುಡಿದು ಧಣಿಗಳಿಗೆ ಅಕ್ಕಿ ಅಳೆದವರು. ದೇವರಾಜ ಅರಸರ ಕಾಲದಲ್ಲಿ, 1974ರ ಭೂಸುಧಾರಣೆ ಬಂದಾಗ, ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು, ಹೆದರಿಕೆ ಬೆದರಿಕೆ ಎಲ್ಲ ಸಹಿಸಿ ಅವರು ಈ ಮಣ್ಣಿಗೆ ಹಕ್ಕುದಾರರಾದರು. ಆ ಹಕ್ಕು ಅವರಿಗೆ ಸಿಕ್ಕಿದ್ದು ಉಳುವವರು ಎಂಬ ಒಂದೇ ಕಾರಣಕ್ಕೆ. ಐವತ್ತು ವರ್ಷ ಕಳೆದು ಮೊಮ್ಮಕ್ಕಳ ಕಾಲಕ್ಕೆ ಅದು ಸೆಂಟ್ಸ್ ಲೆಕ್ಕದಲ್ಲಿ ಹೋಗುತ್ತಿದೆ. ಮಾರುವವರಲ್ಲಿ ನಮ್ಮ ಕುಟುಂಬದವರೂ ಇದ್ದಾರೆ. ಅದಕ್ಕೇ ಇದು ಸುಲಭದ ಮಾತಲ್ಲ.

ತಲಪಾಡಿ ದಾಟಿದರೆ ಬೇರೆ ಕತೆ. ಮಂಜೇಶ್ವರದ ಕಡೆ ನಮಗೆಲ್ಲ ನೆಂಟರಿದ್ದಾರೆ. ಅಲ್ಲಿಯ ಗದ್ದೆಗೂ ನಮ್ಮ ಗದ್ದೆಗೂ ಮಣ್ಣು ಒಂದೇ, ಮಳೆ ಒಂದೇ, ಕಾನೂನು ಮಾತ್ರ ಬೇರೆ. ಕೇರಳದಲ್ಲಿ 2008ರಿಂದ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣೆಗೇ ಪ್ರತ್ಯೇಕ ಕಾಯ್ದೆ ಇದೆ. ಯಾವ ಸರ್ವೆ ನಂಬ್ರ ಗದ್ದೆ ಎಂದು ಪಟ್ಟಿ ಮಾಡಿ ಇಡುತ್ತಾರೆ. ಪಂಚಾಯತ್ ಅಧ್ಯಕ್ಷರು, ಕೃಷಿ ಅಧಿಕಾರಿ, ವಿಲೇಜ್ ಆಫೀಸರ್, ಗದ್ದೆ ಬೇಸಾಯಗಾರರ ಪ್ರತಿನಿಧಿಗಳು ಇರುವ ಸ್ಥಳೀಯ ಸಮಿತಿ ಅದನ್ನು ಕಾಯಬೇಕು. ಬೇರೆ ಜಾಗವೇ ಇಲ್ಲದ ಕುಟುಂಬಕ್ಕೆ ಸ್ವಂತ ಮನೆ ಕಟ್ಟಲು ಪಂಚಾಯತ್ ವ್ಯಾಪ್ತಿಯಲ್ಲಿ 10 ಸೆಂಟ್ಸ್, ಪೇಟೆಯಲ್ಲಿ 5 ಸೆಂಟ್ಸ್ ಮೀರದಂತೆ ಅನುಮತಿ ಕೊಡುವ ದಾರಿಯೂ ಅದರಲ್ಲಿ ಉಂಟು. ಬಡವನ ಮನೆಗೆ ದಾರಿ ಇದೆ, ವ್ಯಾಪಾರದ ಲೇಔಟಿಗೆ ಇಲ್ಲ. 2018ರ ತಿದ್ದುಪಡಿಯಿಂದ ಆ ಕಾಯ್ದೆ ಸ್ವಲ್ಪ ಸಡಿಲವಾಗಿದೆ, ಅದನ್ನು ಮೀರುವವರೂ ಅಲ್ಲಿದ್ದಾರೆ. ಆದರೂ ಬೈಲಿಗೆ ಮಣ್ಣು ಬೀಳುವಾಗ ಕೈಯಲ್ಲಿ ಹಿಡಿದು ತೋರಿಸಲಿಕ್ಕೆ ಅಲ್ಲಿಯವರಿಗೆ ಒಂದು ಕಾಯ್ದೆ ಇದೆ. ನಮಗೆ ಇರುವುದು ನಕ್ಷೆಯ ಹಸಿರು ಬಣ್ಣ ಮಾತ್ರ.

ನಮ್ಮ ಸರಕಾರ ಇನ್ನೊಂದು ಕಡೆ ಪಶ್ಚಿಮ ವಾಹಿನಿ ಯೋಜನೆಯಲ್ಲಿ ಕಿಂಡಿ ಅಣೆಕಟ್ಟು ಕಟ್ಟಿಸುತ್ತಿದೆ, ಸಮುದ್ರಕ್ಕೆ ಓಡುವ ನೀರನ್ನು ಹಿಡಿದು ನಿಲ್ಲಿಸಲಿಕ್ಕೆ. ಒಳ್ಳೆಯ ಕೆಲಸ. ಆದರೆ ಖರ್ಚಿಲ್ಲದೆ ನೀರು ಹಿಡಿಯುವ ಬೈಲನ್ನು ಮಣ್ಣು ಹಾಕಿ ಮುಚ್ಚಲು ಬಿಟ್ಟು, ಕೋಟಿ ಖರ್ಚು ಮಾಡಿ ಅಣೆಕಟ್ಟು ಕಟ್ಟುವುದಕ್ಕೆ ಎಂತ ಹೇಳುದು?

“ಹಾಗಾದರೆ ಮನೆ ಎಲ್ಲಿ ಕಟ್ಟುದು?”

ಇದು ನ್ಯಾಯವಾದ ಪ್ರಶ್ನೆ. ನಮ್ಮ ಹುಡುಗರಿಗೆ ಮದುವೆಯಾಗುತ್ತದೆ, ತರವಾಡು ಮನೆಯಲ್ಲಿ ಜಾಗ ಸಾಲುವುದಿಲ್ಲ. ಪೇಟೆಯಲ್ಲಿ ಬಾಡಿಗೆ ಮನೆ ಕೇಳಿಕೊಂಡು ಹೋದರೆ ಹೆಸರು ಕೇಳಿದ ಮೇಲೆ ‘ಮನೆ ಕೊಟ್ಟಾಯ್ತು’ ಎನ್ನುವವರು ಇದ್ದಾರೆ. ಆದ್ದರಿಂದ ನಮ್ಮವರ ನಡುವೆ, ಮಸೀದಿಯ ಹತ್ತಿರ ಐದು ಸೆಂಟ್ಸ್ ಸಿಕ್ಕಿದರೆ ಸಾಕು ಎನ್ನುವ ಆಸೆ ನಮಗೆ ಅರ್ಥವಾಗುತ್ತದೆ. ನಮ್ಮ ಮಕ್ಕಳದ್ದೂ ಅದೇ ಆಸೆ. ನಾವು ಮನೆಗಳನ್ನು ವಿರೋಧಿಸುತ್ತಿಲ್ಲ. ಆ ಮನೆಗಳು ಬೈಲಿನಲ್ಲಿ ಬೇಡ ಎನ್ನುತ್ತಿದ್ದೇವೆ.

ಊರಿನಲ್ಲಿ ಬೇರೆ ಜಾಗ ಇಲ್ಲವಾ? ಉಂಟು. ಬೇಸಾಯ ನಿಂತು ವರ್ಷಗಳಾದ, ಇಳಿಜಾರು ಕಡಿಮೆ ಇರುವ ಬೆಟ್ಟು ಜಾಗಗಳಿವೆ. ರಸ್ತೆ ಬದಿಯಲ್ಲಿ ಅರ್ಧಕ್ಕೆ ನಿಂತ ಕಟ್ಟಡಗಳಿವೆ. ಎಲ್ಲಕ್ಕಿಂತ ಮಿಗಿಲಾಗಿ, ನಮ್ಮ ಜಮಾಅತಿನ ವ್ಯಾಪ್ತಿಯಲ್ಲೇ ಬೀಗ ಹಾಕಿದ ಹದಿನೇಳು ಮನೆಗಳನ್ನು ನಾವು ಎಣಿಸಿದ್ದೇವೆ. ಎಲ್ಲವೂ ಎರಡು ಮಾಳಿಗೆಯವು. ಮಾಲಕರು ಹೊರದೇಶದಲ್ಲಿ, ವರ್ಷಕ್ಕೆ ಒಂದು ತಿಂಗಳು ಬಂದು ಧೂಳು ಗುಡಿಸಿ ಹೋಗುತ್ತಾರೆ. ಹತ್ತು ಸೆಂಟ್ಸಿನಲ್ಲಿ ಒಂದೇ ಮನೆ, ಸುತ್ತ ಆಳೆತ್ತರದ ಗೋಡೆ ಎಂಬ ಅಭ್ಯಾಸ ಬಿಟ್ಟು, ಅದೇ ಜಾಗದಲ್ಲಿ ಅಣ್ಣ ತಮ್ಮಂದಿರು ಮೇಲೆ ಕೆಳಗೆ ಕಟ್ಟಿಕೊಂಡರೆ ಬೈಲಿಗೆ ಇಳಿಯುವ ಪ್ರಸಂಗ ಬರುವುದಿಲ್ಲ. ಬೈಲಿನ ಸೈಟು ಅಗ್ಗ ಎನ್ನುತ್ತಾರೆ. ಆಳವಾದ ಪಂಚಾಂಗ, ಕಾಲಂಗೆ ಹೆಚ್ಚು ಕಬ್ಬಿಣ, ಪ್ರತಿ ಮಳೆಗಾಲ ಒದ್ದೆಯಾಗುವ ಗೋಡೆ, ಕುಡಿಯಲಿಕ್ಕೆ ಟ್ಯಾಂಕರ್ ನೀರು, ಎಲ್ಲ ಸೇರಿಸಿದರೆ ಅಗ್ಗ ಉಳಿಯುವುದಿಲ್ಲ.

ಇನ್ನು ಗದ್ದೆಯ ಮಾಲಕರ ಮಾತು. ಅವರು ಹೇಳುವುದನ್ನು ನಾವು ಕುಳಿತು ಕೇಳಿದ್ದೇವೆ. “ಕೂಲಿಗೆ ಜನ ಇಲ್ಲ. ನಾಟಿ ಮಾಡಿದರೆ ನವಿಲು, ಕೊಯ್ಲಿಗೆ ಬಂದರೆ ಕಾಡುಹಂದಿ. ಮಿಷನ್ ಇಳಿಸಲಿಕ್ಕೆ ದಾರಿ ಇಲ್ಲ. ಗದ್ದೆ ಮಾಡಿ ನಷ್ಟವೇ. ನೀವು ನೀರು ಕುಡಿಯಲಿಕ್ಕೆ ನಾವು ನಷ್ಟ ಮಾಡಿಕೊಳ್ಳುದಾ?” ಎಂದು ಒಬ್ಬರು ಕೇಳಿದರು. ಅವರು ಕೇಳಿದ್ದು ಸರಿಯಾಗಿಯೇ ಇದೆ. ಬೈಲಿನ ನೀರು ಊರಿಗೆಲ್ಲ ಬೇಕು, ಬೈಲಿನ ನಷ್ಟ ಒಬ್ಬನಿಗೆ ಮಾತ್ರ ಎಂಬುದು ನ್ಯಾಯವಲ್ಲ. ಕೇರಳ ಸರಕಾರ 2020ರಲ್ಲಿ ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡವರಿಗೆ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿ ಗೌರವಧನ ಕೊಡಲು ಸುರು ಮಾಡಿತು. ಸಣ್ಣ ಮೊತ್ತ, ಒಪ್ಪುತ್ತೇವೆ. ಆದರೆ ಗದ್ದೆ ಉಳಿಸಿದವನು ಊರಿಗೆ ಉಪಕಾರ ಮಾಡುತ್ತಿದ್ದಾನೆ ಎಂದು ಒಂದು ಸರಕಾರ ಒಪ್ಪಿಕೊಂಡಿತಲ್ಲ, ಅದು ಸಣ್ಣದಲ್ಲ. ನಮ್ಮ ಸರಕಾರವೂ ಅದಕ್ಕಿಂತ ದೊಡ್ಡ ಮೊತ್ತದೊಂದಿಗೆ ಅದನ್ನು ಮಾಡಲಿ.

ಅಲ್ಲಿಯವರೆಗೆ ಊರಿನವರೂ ಕೈಕಟ್ಟಿ ಕೂರಬಾರದು. ಹಡಿಲು ಬಿದ್ದ ಗದ್ದೆಗಳನ್ನು ಒಟ್ಟಾಗಿ ಗೇಣಿಗೆ ಪಡೆದು ಬೇಸಾಯ ಮಾಡಲು ನಮ್ಮಲ್ಲಿ ಎಂಟು ಮಂದಿ ಮುಂದೆ ಬಂದಿದ್ದೇವೆ. ಅದರಲ್ಲಿ ಮೂವರು ಗಲ್ಫ್ ಬಿಟ್ಟು ಬಂದವರು, ಇಬ್ಬರು ಇದುವರೆಗೆ ಗದ್ದೆಗೆ ಕಾಲಿಡದವರು. ಹತ್ತಿರದ ಕೃಷಿ ಕೇಂದ್ರದಲ್ಲಿ ಎಂಒ4 ಬೀಜದ ವಿಚಾರಣೆ ಮಾಡಿದ್ದೇವೆ. ಮನೆಯಲ್ಲಿ ಒಲೆಯ ಮೇಲೆ ಬೇಯುವ ಕುಚ್ಚಲಕ್ಕಿ ಎಲ್ಲಿಂದಲೋ ಲಾರಿಯಲ್ಲಿ ಬರುವ ಬದಲು ಮನೆಯೆದುರಿನಿಂದ ಬಂದರೆ ಯಾರಿಗೂ ಬೇಡವಾಗದು. ಲಾಭ ಬರುತ್ತದೆ ಎಂದು ನಾವು ಹೇಳುವುದಿಲ್ಲ. ನಷ್ಟವನ್ನು ಎಂಟು ಪಾಲು ಮಾಡಿಕೊಳ್ಳುತ್ತೇವೆ ಎಂದಷ್ಟೇ ಮಾಲಕರಿಗೆ ಹೇಳಿದ್ದೇವೆ.

ನಾವು ಕೇಳುವುದು ಇಷ್ಟು

ಅಧಿಕಾರಿಗಳಲ್ಲಿ ನಮ್ಮ ಬೇಡಿಕೆ ದೊಡ್ಡದಲ್ಲ. ಕಡತ ನೋಡಿ ಆದೇಶ ಮಾಡಬೇಡಿ, ಜುಲೈ ತಿಂಗಳಲ್ಲಿ ಒಮ್ಮೆ ಬಂದು ಬೈಲು ನೋಡಿ. ಮಾರ್ಚಿನಲ್ಲಿ ಸರ್ವೆಗೆ ಬಂದರೆ ಅದು ಕ್ರಿಕೆಟ್ ಮೈದಾನದ ಹಾಗೆ ಕಾಣುತ್ತದೆ. ತೋಡು ಸರಕಾರದ್ದು, ಅದರ ಅಳತೆ ಮಾಡಿ ಗಡಿಕಲ್ಲು ಹಾಕಿ. ಊರಿನ ಕೆರೆ, ಸಾಮೂಹಿಕ ಜಾಗಗಳನ್ನು ಅತಿಕ್ರಮಣದಿಂದ ಬಿಡಿಸಿ ಊರಿಗೆ ಮರಳಿಸಬೇಕು ಎಂದು ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೆ ಹೇಳಿದ್ದು ಇಂದಿಗೂ ನಿಂತಿದೆ. ಮತ್ತೆ, ಮಣ್ಣು ಎಲ್ಲಿಂದ ಬರುತ್ತದೆ ಎಂದು ತಿಳಿಸದ ಯಾವ ಲೇಔಟ್ ಅರ್ಜಿಯನ್ನೂ ತೆಗೆದುಕೊಳ್ಳಬೇಡಿ.

ಶಾಸಕರಲ್ಲಿ, ಓಟು ಕೇಳಿಕೊಂಡು ಬರುವ ಎಲ್ಲ ಪಕ್ಷದವರಲ್ಲಿ ಕೇಳುವುದು ಕೂಡಾ ಒಂದೇ. ಕರಾವಳಿಯ ಬೈಲುಗಳಿಗೆ ಕೇರಳದಂಥ ಒಂದು ಕಾಯ್ದೆ ತನ್ನಿ. ಬಡ ಕುಟುಂಬದ ಮನೆಗೆ ಅದರಲ್ಲಿ ದಾರಿ ಇರಲಿ, ಗದ್ದೆ ಉಳಿಸಿದವರಿಗೆ ಹಣ ಇರಲಿ.

ನಮ್ಮ ಜಮಾಅತಿನ ಹಿರಿಯರಲ್ಲಿಯೂ ಒಂದು ವಿನಂತಿ ಉಂಟು. ಮದುವೆಗೆ ವರದಕ್ಷಿಣೆ ಬೇಡ, ದುಂದುವೆಚ್ಚ ಬೇಡ ಎಂದು ಜಮಾಅತ್ ತೀರ್ಮಾನ ಮಾಡುತ್ತದೆ, ನಾವೆಲ್ಲ ಒಪ್ಪಿ ನಡೆಯಲು ನೋಡುತ್ತೇವೆ. ಹಾಗೆಯೇ ನೀರಿನ ದಾರಿ ಮುಚ್ಚುವ ಕೆಲಸಕ್ಕೆ ನಮ್ಮ ಊರಿನಲ್ಲಿ ಮರ್ಯಾದೆ ಇಲ್ಲ ಎಂದು ಒಂದು ಮಾತು ಹೇಳಲಿಕ್ಕೆ ಆಗುವುದಿಲ್ಲವಾ? ಲೇಔಟಿನವರು ಮಸೀದಿಯ ಹೆಸರನ್ನು ಜಾಹೀರಾತಿಗೆ ಹಾಕಿದ್ದಾರೆ. ಮಸೀದಿಯ ಹೌಳಿಗೆ ನೀರು ಬರುವುದೂ ಆ ಬೈಲ ಬದಿಯ ಬಾವಿಯಿಂದಲೇ.

ಬೇರೆ ಊರಿನ ಓದುಗರಿಗೆ ನಮ್ಮ ಅನುಭವದಿಂದ ಎರಡು ಮಾತು. ಪತ್ರಿಕೆಯಲ್ಲಿ ಬರುವ ಸಣ್ಣ ಅಕ್ಷರದ ಭೂ ಉಪಯೋಗ ಪ್ರಕಟಣೆಗಳನ್ನು ಓದಿ, ಊರಿನ ಹೆಸರು ಕಂಡರೆ ಗ್ರೂಪಿಗೆ ಹಾಕಿ. ಆಕ್ಷೇಪಣೆ ಬರೆಯಲು ವಕೀಲರೇ ಬೇಕೆಂದಿಲ್ಲ. ಸರ್ವೆ ನಂಬ್ರ, ನಿಮ್ಮ ಬಾವಿ ಎಷ್ಟು ದೂರ, ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆ, ಬೇಸಿಗೆಯಲ್ಲಿ ಬಾವಿ ಎಷ್ಟು ಇಳಿಯುತ್ತದೆ, ಇಷ್ಟನ್ನು ಕನ್ನಡದಲ್ಲಿ ಬರೆದು, ಫೋಟೋ ಲಗತ್ತಿಸಿ, ಕೊಟ್ಟದ್ದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಾಯಲ್ಲಿ ಹೇಳಿದ್ದು ಕಡತದಲ್ಲಿ ಇರುವುದಿಲ್ಲ. ಪಕ್ಕದ ಮನೆಯ ಶೆಟ್ಟರನ್ನೂ ಪೂಜಾರಿಯವರನ್ನೂ ಡಿಸೋಜರನ್ನೂ ಜೊತೆಗೆ ಸೇರಿಸಿಕೊಳ್ಳಿ. ನಮ್ಮದು ಮಾತ್ರ ಸಹಿ ಇದ್ದರೆ ಅದು ‘ಅವರವರ ಜಗಳ’ ಆಗುತ್ತದೆ. ಎಲ್ಲರದ್ದೂ ಇದ್ದರೆ ಊರಿನ ಮಾತಾಗುತ್ತದೆ.

ನಮ್ಮ ಆಕ್ಷೇಪಣೆಗೆ ಇನ್ನೂ ಉತ್ತರ ಬಂದಿಲ್ಲ. ವಿಚಾರಣೆಗೆ ಕರೆದರೆ ಹೋಗುತ್ತೇವೆ. ಲೇಔಟ್ ಮಾಡಲು ಹೊರಟವರೊಡನೆ ಸಲಾಂ ಹೇಳುವುದನ್ನು ನಾವು ನಿಲ್ಲಿಸಿಲ್ಲ, ಅವರ ಮನೆಯ ಮದುವೆಗೂ ಹೋಗಿ ಉಂಡು ಬಂದಿದ್ದೇವೆ. ಆ ಮನೆಯ ಬಾವಿಯೂ ಬೈಲಿನ ಬದಿಯಲ್ಲೇ ಇರುವುದು. ಊಟ ಮುಗಿಸಿ ಕೈ ತೊಳೆಯುವಾಗ ನಮ್ಮವರೊಬ್ಬರು ಮೆಲ್ಲಗೆ ಕೇಳಿದರು, “ಹಾಜಿಯವರೇ, ಈ ನೀರು ಮುಂದಿನ ವರ್ಷವೂ ಇರಬಹುದಾ?” ಅವರು ಕೂಡಲೇ ಉತ್ತರ ಕೊಡಲಿಲ್ಲ. ಕೊಡಬೇಕಾದ ಉತ್ತರ ಅವರಿಗೂ ಗೊತ್ತುಂಟು ಎಂದು ನಾವು ನಂಬಿದ್ದೇವೆ.